ನೆಲಕ್ಕೊಂದು ಮಾತ್ರೆ

ಅಕ್ಟೋಬರ್ 8, ಸೋಮವಾರ

ಬೆಳಿಗ್ಗೆಯಿಂದ ಪೆಟ್ಟಿಗೆ ಜಗಳ. ವಿಮೆಯವರು ಈ ತಿಂಗಳಿಂದ ರಕ್ತದೊತ್ತಡದ ಮಾತ್ರೆಯ ಕಂಪನಿ ಬದಲಿಸಿದ್ದಾರೆ. ಮಾತ್ರೆ ಅದೇ, ಪೆಟ್ಟಿಗೆ ಬೇರೆ. ಕೌಂಟರಿನಲ್ಲಿ ನಿಂತು ಇದೇ ಪುರಾಣ ಹೇಳಿ ಹೇಳಿ ಬಾಯಿ ಒಣಗಿತು. ಒಬ್ಬಾಕೆ, "ಹಸಿರು ಪೆಟ್ಟಿಗೆ ನಂಗೆ ಆಗ್ಬರಲ್ಲ," ಎಂದು ವಾಪಸ್ ಇಟ್ಟು ಹೋದಳು. ಸಹಾಯಕಿ ಹಿಲ್ಕೆ ಅವಳ ಬೆನ್ನಿಗೆ ನಾಲಿಗೆ ಚಾಚಿದಳು. ನನಗೂ ಚಾಚಬೇಕೆನಿಸಿತ್ತು. ಬಿಳಿ ಕೋಟು ಹಾಕಿದ್ದೆ.

ಕಾಫಿಗೆ ಕೂತಾಗ ಉಬ್ಬೊ ಶುರು ಮಾಡಿದರು. ಔಷಧಿ ಅಂಗಡಿ ಅವರದು. ನನ್ನ ತರಬೇತಿಯ ಗುರುಗಳೂ ಅವರೇ. ಎರಡು ವರ್ಷ ಮುಗಿದ ಮೇಲೆ ನಾನು ತಜ್ಞ ಫಾರ್ಮಸಿಸ್ಟ್ ಹೌದೋ ಅಲ್ಲವೋ ಎಂದು ಸಹಿ ಹಾಕಬೇಕಾದವರು.

"ರೀಮ್ಕೆ, ನಿನ್ನ ಮನೆಭೇಟಿ ಯಾವಾಗ?"

"ಕೆಲ್ಸ ಜಾಸ್ತಿ ಇತ್ತಲ್ಲ..."

"ಪೆಟ್ಟಿಗೆ ಕೊಡೋದು ನಿಂಗೆ ಬರುತ್ತೆ. ಜನ ಆ ಪೆಟ್ಟಿಗೇನ ಮನೇಲಿ ಏನ್ ಮಾಡ್ತಾರೆ ಅಂತ ಗೊತ್ತಾ? ಗೊತ್ತಿಲ್ಲ ತಾನೆ? ಗುರುವಾರ ಹೊರಡು."

ಸಂಜೆ ಅಮ್ಮನ ಫೋನ್. "ಆರು ವರ್ಷ ಓದಿದ್ದು ಪೆಟ್ಟಿಗೆ ಕೊಡೋಕೆ. ಇನ್ನೆರಡು ವರ್ಷ ಯಾಕೆ ಮಗಾ, ಕೊಡುವಾಗ ನಗೋದು ಹೆಂಗೆ ಅಂತ ಕಲಿಯೋಕಾ?" ಹೆಚ್ಚು ಕಡಿಮೆ ಹೌದು ಅಂದೆ.

ಅಕ್ಟೋಬರ್ 11, ಗುರುವಾರ

ಝೇರೈಪ್ ಹಳ್ಳಿಯ ಡೈಕೆಮಾ ಅಜ್ಜನ ಮನೆಗೆ ಹೋಗಿ ಬಂದೆ. ಉಬ್ಬೊ ಜೊತೆಗಿದ್ದರು. ಮೂಲೆಯಲ್ಲಿ ಕೂತು, ಬಾಯಿ ಬಿಡದೆ, ನನ್ನನ್ನು ಅಳೆಯುವುದು ಅವರ ಕೆಲಸ.

ಅಜ್ಜನಿಗೆ ಎಪ್ಪತ್ತೊಂಬತ್ತು. ದುಡಿದಷ್ಟು ಕಾಲವೂ ಹಾಲಿನ ಟ್ಯಾಂಕರ್ ಓಡಿಸಿದವರು. ಮನೆಯ ಪಕ್ಕದ ಗೋಡೆಗೆ ಹೊರಗಿನಿಂದ ಮರದ ಆನಿಕೆ. ನೆಲದಡಿಯಿಂದ ಅನಿಲ ತೆಗೆದು ತೆಗೆದು ನಮ್ಮ ಕಡೆ ನೆಲ ನಡುಗುತ್ತದಲ್ಲ, ಆ ಬೀದಿಯಲ್ಲಿ ಬಿರುಕಿಲ್ಲದ ಗೋಡೆ ಇಲ್ಲ. ಒಳಗೆ ಎಲ್ಲ ಓರಣ. ಕಾಫಿ ತಂದರು. ಕೈಯಲ್ಲಿ ಕಪ್ಪು, ಸಾಸರು ಗಿಲಿಗಿಲಿ. ಪಕ್ಕದ ಮನೆಯಾಕೆ ಈ ಸದ್ದು ಕೇಳಿ ಭೂಕಂಪ ಎಂದು ಹೊರಗೆ ಓಡಿದ್ದಳಂತೆ.

"ದೂರು ಬೇರೆ ಕೊಟ್ಲು," ಅಂದರು ಅಜ್ಜ. "ಆ ದಿನ ನೆಲ ಅಲ್ಲಾಡೇ ಇಲ್ಲ ಅಂತ ಭೂಕಂಪದ ಕಚೇರಿಯೋರು ಬರೆದು ಕಳ್ಸಿದ್ರು. ಅಲ್ಲಾಡಿದ್ದು ನಾನು."

ನಕ್ಕರು. ನಗು ಮುಖಕ್ಕೆ ತಡವಾಗಿ ಬಂತು, ಅರ್ಧಕ್ಕೇ ನಿಂತಿತು. ನಡಿಗೆಯೂ ಹಾಗೇ, ಪುಟ್ಟ ಪುಟ್ಟ ಹೆಜ್ಜೆ. ಅವರ ಡಾಕ್ಟರ್ ನೋರ್ಡ್‌ಹಾಫ್ ಇದು ಪಾರ್ಕಿನ್ಸನ್ ಕಾಯಿಲೆ ಇರಬೇಕು ಅಂದಿದ್ದಾರೆ. ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ಸಿಕ್ಕಿರುವುದು ಫೆಬ್ರುವರಿಗೆ. ಮಾರ್ಚ್‌ನಲ್ಲಿ ಡ್ರೈವಿಂಗ್ ಲೈಸೆನ್ಸ್ ಮುಗಿಯುತ್ತದೆ. ನವೀಕರಣಕ್ಕೆ ಬೇರೊಬ್ಬ ಡಾಕ್ಟರು ಕೈಕಾಲು ನೋಡಿ ಬರೆದುಕೊಡಬೇಕು. ಅಜ್ಜನ ಚಿಂತೆ ಅದೊಂದೇ. ರೋಗದ್ದಲ್ಲ, ಲೈಸೆನ್ಸಿನದು.

ಹೆಂಡತಿ ಫ್ರೌಕೆ ವಿನ್ಸಮ್ ಊರಿನ ಆರೈಕೆ ಮನೆಯಲ್ಲಿದ್ದಾರೆ. ಮರೆವಿನ ಕಾಯಿಲೆ. ಅಜ್ಜ ದಿನಾ ಮೂರು ಗಂಟೆಗೆ ಹೋಗಿ ಕಸ್ಟರ್ಡ್ ತಿನ್ನಿಸಿ ಬರುತ್ತಾರೆ. ಕಾರಿನಲ್ಲಿ ಹತ್ತಿರ. ರೈಲಿನಲ್ಲಾದರೆ ಗ್ರೋನಿಂಗನ್ ಪೇಟೆಗೆ ಇಳಿದು, ಇನ್ನೊಂದು ರೈಲು ಹಿಡಿದು ಮತ್ತೆ ಮೇಲೆ ಹೋಗಬೇಕು. ಅರ್ಧ ದಿನ ಹೋಯಿತು.

"ನನ್ನ ಹೆಸ್ರು ಅವಳಿಗೆ ಈಗ ಗೊತ್ತಿಲ್ಲ ಕಣಮ್ಮ. ನರ್ಸು ತಿನ್ಸಿದ್ರೂ ತಿಂತಾಳೆ, ನಾನು ತಿನ್ಸಿದ್ರೂ ತಿಂತಾಳೆ. ಆದ್ರೆ ನನ್ನ ಚಮಚ ನಡುಗುತ್ತಲ್ಲ, ಆಗ ಅವಳ ಕೈ ತಾನಾಗೇ ಮೇಲೆ ಬಂದು ನನ್ನ ಮಣಿಕಟ್ಟು ಹಿಡ್ಕೊಳುತ್ತೆ. ಗಟ್ಟಿಯಾಗಿ. ಇಡೀ ದಿನ್ದಲ್ಲಿ ಅವಳಾಗೇ ಮಾಡೋ ಕೆಲ್ಸ ಅದೊಂದೇ."

"ಹಾಂ," ಅಂದೆ ನಾನು. ಮುಂದಿನ ಪ್ರಶ್ನೆಗೆ ಹೋದೆ. ಇನ್ನೂ ಬೇಕಾದಷ್ಟು ಪ್ರಶ್ನೆ ಬಾಕಿ ಇತ್ತು.

"ತಗೊಳ್ಳೋ ಔಷಧಿ ಎಲ್ಲ ಇಷ್ಟೇನಾ?"

"ಅಷ್ಟೇ." ಮೇಜಿನ ಮೇಲೆ ನಮ್ಮ ಅಂಗಡಿಯ ಪೆಟ್ಟಿಗೆಗಳು ಸಾಲಾಗಿ. ಜೇಬಿನಿಂದ ಪೆಪ್ಪರ್‌ಮಿಂಟ್ ಡಬ್ಬಿ ತೆಗೆದು ಒಂದು ಬಾಯಿಗೆ ಹಾಕಿಕೊಂಡು, ಡಬ್ಬಿ ಮತ್ತೆ ಜೇಬಿಗಿಟ್ಟರು.

ಎಲ್ಲ ನೋಡಿದೆ. ಎಲ್ಲ ಸರಿಯಾಗಿದೆ. ನಾನು ತೆಗೆಸುವಂಥದ್ದು ಒಂದೂ ಇಲ್ಲ.

ಕಾರಿನಲ್ಲಿ ಉಬ್ಬೊ: "ಒಳ್ಳೆ ಪ್ರಶ್ನೆ ಕೇಳ್ದೆ. ಉತ್ತರ ಯಾವಾಗ ಕೇಳಿಸ್ಕೊಳ್ತೀಯಾ?"

ಅರ್ಥವಾಗಲಿಲ್ಲ. ಅರ್ಥವಾಯಿತು. ಸಿಟ್ಟು ಬಂತು.

ಅಕ್ಟೋಬರ್ 23, ಮಂಗಳವಾರ

ತರಬೇತಿಯ ಗುಂಪಿನ ಸಭೆಗೆಂದು ಉಟ್ರೆಖ್ಟ್‌ಗೆ ಹೋಗಿದ್ದೆ. ಎಲ್ಲರೂ ತಮ್ಮ ಮನೆಭೇಟಿಯ ಕಥೆ ಹೇಳಿದರು. ಒಬ್ಬನಿಗೆ ಒಂದೇ ಮನೆಯಲ್ಲಿ ಚೀಲ ತುಂಬ ಹಳೆ ಮಾತ್ರೆ ಸಿಕ್ಕಿತ್ತು. ಹೀರೋ ಥರ ಹೇಳಿಕೊಂಡ. ನನ್ನ ಸರದಿ ಬಂದಾಗ "ಎಲ್ಲ ಸರಿಯಾಗಿತ್ತು" ಅಂದೆ. ಯಾರೂ ಏನೂ ಕೇಳಲಿಲ್ಲ. ವಾಪಸ್ ರೈಲಿನಲ್ಲಿ ತಲೆನೋವು.

ನವೆಂಬರ್ 7, ಬುಧವಾರ

ಇದನ್ನು ಬಿಸಿ ಆರುವ ಮುಂಚೆ ಬರೆಯಬೇಕು.

ಡೈಕೆಮಾ ಅಜ್ಜನ ಮನೆಗೆ ಎರಡನೇ ಸಲ, ಒಬ್ಬಳೇ. ಇವತ್ತು ಕೇಳುವ ಪ್ರಶ್ನೆಗಳ ಪಟ್ಟಿಯನ್ನು ಕಾರಿನಲ್ಲೇ ಬಿಟ್ಟು ಹೋಗಿದ್ದೆ. ಗುರುಗಳ ಮೇಲಿನ ಹಟಕ್ಕೆ. ಸುಮ್ಮನೆ ಕೂತೆ. ಅಜ್ಜ ಬಿಸ್ಕತ್ತಿನ ಡಬ್ಬಿ ತೆರೆದರು, ಒಂದು ಕೊಟ್ಟರು, ಮುಚ್ಚಳ ಮುಚ್ಚಿದರು. ಟ್ಯಾಂಕರಿನ ಕಥೆ ಹೇಳಿದರು. ಮಂಜಿನಲ್ಲಿ, ಹಿಮದಲ್ಲಿ, ಒಂದು ಹನಿ ಹಾಲೂ ಚೆಲ್ಲದೆ ಓಡಿಸಿದ ಕಥೆ.

ಆಗ ಬಂತು. ಮೊದಲು ದೂರದಲ್ಲಿ ಭಾರದ ಲಾರಿ ಹೋದಂಥ ಸದ್ದು, ಆಮೇಲೆ ಕುರ್ಚಿಯ ಕೆಳಗಿಂದ ಯಾರೋ ಒದ್ದ ಹಾಗೆ. ಕಪಾಟಿನ ಗಾಜು ಕಟಕಟ ಎಂದಿತು. ಇಷ್ಟೇ. ಸಣ್ಣದು. ನಾನು ಮಾತ್ರ ಕುರ್ಚಿಯ ಕೈ ಹಿಡಿದುಕೊಂಡಿದ್ದೆ. ಅಜ್ಜ ಒಂದಿಷ್ಟೂ ಗಾಬರಿಯಾಗದೆ ಜೇಬಿಗೆ ಕೈಹಾಕಿ ಪೆಪ್ಪರ್‌ಮಿಂಟ್ ಡಬ್ಬಿ ತೆಗೆದರು. ಒಂದು ಬಾಯಿಗೆ ಹಾಕಿ ಕಾಫಿಯ ಜೊತೆ ನುಂಗಿದರು. ಡಬ್ಬಿ ನನ್ನ ಕಡೆ ಚಾಚಿದರು.

"ತಗೋ ತಾಯಿ, ನೀನೂ ಬೆಳ್ಳಗಾಗಿದೀಯಾ. ನೆಲಕ್ಕೆ ಒಳ್ಳೇದು."

ಪೆಪ್ಪರ್‌ಮಿಂಟನ್ನು ಯಾರು ನುಂಗುತ್ತಾರೆ? ಡಬ್ಬಿಯೊಳಗೆ ನೋಡಿದೆ. ಪುಟ್ಟ ಬಿಳಿ ಮಾತ್ರೆ. ಸಿನ್ನರಿಝಿನ್. ಹಡಗಿನಲ್ಲಿ ಹೋಗುವಾಗ ತಲೆಸುತ್ತಿ ವಾಂತಿ ಬರದಿರಲೆಂದು ನುಂಗುವ ಮಾತ್ರೆ.

"ಇದನ್ನ ಯಾವಾಗಿಂದ ತಗೊಳ್ತಿದೀರಾ?"

"ಆ ದೊಡ್ಡ ಭೂಕಂಪ ಆಯ್ತಲ್ಲ, ಆಗಿಂದ. ಅವತ್ತಿಂದ ನೆಲ ನಿಂತೇ ಇಲ್ಲ ನೋಡು. ಮಲಗಿದ್ರೂ ತೂಗುತ್ತೆ, ಥೇಟ್ ಹಡಗು. ಹಡಗಾದ್ರೆ ಹಡಗಿನ ಮಾತ್ರೆ ತಾನೆ? ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ನಡುಗಿದಾಗ ಇನ್ನೊಂದು."

ವರ್ಷಗಳಿಂದ. ದಿನಾ. ಸೋಪು-ಶಾಂಪೂ ಮಾರುವ ಅಂಗಡಿಯಿಂದ, ಡಾಕ್ಟರ ಚೀಟಿಯಿಲ್ಲದೆ, ಒಂದಕ್ಕೊಂದು ಫ್ರೀ ಇದ್ದಾಗ ತಂದಿಟ್ಟುಕೊಳ್ಳುವುದು. ನಮ್ಮ ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ.

"ಡಾಕ್ಟರಿಗೆ ತಲೆಸುತ್ತು ಅಂತ ಹೇಳಿಲ್ವಾ?"

"ಭೂಮಿ ಅಲ್ಲಾಡಿದ್ರೆ ಡಾಕ್ಟರೇನ್ ಮಾಡ್ತಾರೆ?"

"ನಾನು ಔಷಧಿ ಎಲ್ಲ ತೋರ್ಸಿ ಅಂದೆ. ಇದನ್ಯಾಕೆ ತೋರಿಸ್ಲಿಲ್ಲ?"

"ನೀನು ಕೇಳಿದ್ದು ನನ್ನ ಔಷಧಿ. ಇದು ನೆಲದ್ದು."

ತಮಾಷೆಗೆ ಹೇಳಿದ್ದಲ್ಲ. ಇಲ್ಲಿ ಯಾರ ಮನೆಯಲ್ಲಿ ಕಪ್ಪು ಅಲ್ಲಾಡಿದರೂ ಮೊದಲು ನೆಲ ನೋಡುತ್ತೇವೆ. ನಾನೂ ಈ ಸೀಮೆಯವಳೇ. ಮೊದಲ ದಿನ ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆನೇನೋ.

ಆದರೆ ಈ ಮಾತ್ರೆ ವಯಸ್ಸಾದವರು ವರ್ಷಗಟ್ಟಲೆ ನುಂಗಿದರೆ ಏನು ಮಾಡಬಲ್ಲದು ಎಂದು ನನಗೆ ಗೊತ್ತು. ಕೈ ನಡುಕ. ಪುಟ್ಟ ಹೆಜ್ಜೆ. ತಡವಾಗಿ ಬರುವ ನಗು. ಥೇಟ್ ಪಾರ್ಕಿನ್ಸನ್. ನಿಲ್ಲಿಸಿದರೆ ಎಷ್ಟೋ ಜನರಿಗೆ ಹೋಗುತ್ತದೆ. ಎಲ್ಲರಿಗೂ ಅಲ್ಲ.

ಅವರಿಗೆ ಏನೂ ಹೇಳದೆ ಎದ್ದು ಬಂದೆ. ಮೊದಲು ಡಾಕ್ಟರ್. ಕಾರಿನಲ್ಲಿ ಕೂತು ಒಬ್ಬಳೇ ಜೋರಾಗಿ "ಪೆಪ್ಪರ್‌ಮಿಂಟ್!" ಎಂದು ಕೂಗಿದೆ.

ನವೆಂಬರ್ 8, ಗುರುವಾರ

ಉಬ್ಬೊಗೆ ಹೇಳಿದೆ. ಹುಬ್ಬು ಮೇಲೆ ಹೋಯಿತು, ಕೆಳಗೆ ಬಂತು. "ಡಾಕ್ಟರಿಗೆ ನೀನೇ ಫೋನ್ ಮಾಡು. ನಾನು ಪಕ್ಕದಲ್ಲಿ ಕೂತಿರ್ತೀನಿ, ಬಾಯಿ ಹಾಕಲ್ಲ."

ಡಾಕ್ಟರ್ ನೋರ್ಡ್‌ಹಾಫ್ ಮೊದಲು ಬಿರುಸು. "ಅವ್ರು ನಂಗೆ ಹೇಳೇ ಇಲ್ಲ!" ನನಗೂ ಹೇಳಿರಲಿಲ್ಲ ಎಂದೆ.  ಆಮೇಲೆ ದನಿ ಇಳಿಯಿತು. "ನಿಲ್ಸಿ. ತಜ್ಞರಿಗೆ ನಾನು ಬರೀತೀನಿ. ಆದ್ರೆ ನೋಡಿಮ್ಮಾ, ಆಸೆ ಹುಟ್ಟಿಸ್ಬೇಡಿ. ನಿಜವಾದ ಪಾರ್ಕಿನ್ಸನ್ನೇ ಇರಬಹುದು. ಕೈಕಾಲು ಹೇಗಾಗುತ್ತೆ ಅಂತ ಗೊತ್ತಾಗೋ ತನಕ ಕಾರು ಮುಟ್ಟಬಾರ್ದು. ಅದನ್ನೂ ನೀವೇ ಹೇಳ್ಬೇಕು."

ಹೌದು. ಹಳದಿ ಚೀಟಿ. ನಮ್ಮಲ್ಲಿ ಕೊಂಡಿದ್ದರೆ ಆ ಪೆಟ್ಟಿಗೆಗೆ ಹಳದಿ ಚೀಟಿ ಅಂಟಿಸಿ ಕೊಡುತ್ತಿದ್ದೆವು, ಇದನ್ನು ನುಂಗಿ ಗಾಡಿ ಓಡಿಸಬೇಡಿ ಎಂದು. ಇಷ್ಟು ವರ್ಷ ಅವರು ಅದನ್ನು ನುಂಗಿಯೇ ದಿನಾ ವಿನ್ಸಮ್‌ಗೆ ಓಡಿಸಿದ್ದಾರೆ.

ಫೋನ್ ಇಟ್ಟು ಉಬ್ಬೊ ಕಡೆ ನೋಡಿದೆ. ಕಾಫಿ ಕುಡಿಯುತ್ತಿದ್ದರು.

ನವೆಂಬರ್ 9, ಶುಕ್ರವಾರ

ಹೇಳಿದೆ.

ಮಾತ್ರೆಯ ವಿಷಯ ಅಜ್ಜ ಚೆನ್ನಾಗಿ ಕೇಳಿಸಿಕೊಂಡರು. ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಅದು ಕಚ್ಚೀತೇನೋ ಎಂಬಂತೆ ನೋಡಿದರು. ಕಾರಿನ ವಿಷಯಕ್ಕೆ ಬಂದಾಗ ಎದ್ದು ನಿಂತರು. ಎದ್ದು ನಿಲ್ಲುವುದಕ್ಕೂ ಅಷ್ಟು ಹೊತ್ತು ಹಿಡಿಯಿತು. ಸಿಟ್ಟು ಕಾಯುತ್ತಾ ನಿಂತಿತ್ತು.

"ಯಾಕ್ ಬಂದೆ ನೀನು? ಮಾತ್ರೆ ನೋಡೋಕೆ ತಾನೆ? ನನ್ನ ಕಾರೇನು ನಿಮ್ಮ ಅಂಗಡಿ ಔಷಧೀನಾ?"

"ಇಲ್ಲ. ಆದ್ರೆ ನಿಮ್ಮ ಕಾಲು ಬ್ರೇಕಿಗೆ ಹೋಗೋದು ತಡ ಆಗ್ತಿದೆ. ಎದುರಿಗೆ ಸೈಕಲ್ ಮೇಲೆ ಮಗು ಬಂದ್ರೆ?"

"ನಲವತ್ತು ವರ್ಷ ಟ್ಯಾಂಕರ್ ಓಡ್ಸಿದೀನಿ! ಒಂದು ಕೋಳಿ ಸತ್ತಿಲ್ಲ!"

"ಗೊತ್ತು."

"ಫ್ರೌಕೆ ಮೂರು ಗಂಟೆಗೆ ಕಾಯ್ತಾಳೆ."

   ಕೊನೆಗೆ ಅಜ್ಜ ಕಾರಿನ ಕೀ ತಂದು ಬಿಸ್ಕತ್ತಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಅದುಮಿದರು. ನನ್ನ ಮುಖ ನೋಡದೆ, "ಹೋಗು," ಅಂದರು.

ಅಳು ಬಂತು. ಮನೆಗೆ ಬಂದ ಮೇಲೆ.

ನವೆಂಬರ್ 13, ಮಂಗಳವಾರ

ಬೆಳಿಗ್ಗೆ ಕಾಫಿಗೆ ಕೂತಾಗ ಎಲ್ಲವನ್ನೂ ಕಕ್ಕಿದೆ. ಅಜ್ಜ ಇನ್ನು ಹೆಂಡತಿಯ ಹತ್ತಿರ ಹೇಗೆ ಹೋಗುತ್ತಾರೆ, ರೈಲಿನಲ್ಲಿ ಒಂದು ದಿನ ಹೋಗಿ ಸುಸ್ತಾಗಿ ಮಲಗಿದ್ದಾರೆ, ಮಗ ಕೆನಡಾದಲ್ಲಿದ್ದಾನೆ. ಔಷಧಿ ತಲುಪಿಸುವ ನಮ್ಮ ವ್ಯಾನಿನ ಹಿಂಡರ್ಕ್ ತನ್ನ ಬ್ರೆಡ್ಡು ಅಗಿಯುತ್ತಾ ಕೇಳುತ್ತಿದ್ದ.

"ನಾನು ದಿನಾ ವಿನ್ಸಮ್‌ಗೆ ಹೋಗ್ತೀನಲ್ಲ. ಆ ಆರೈಕೆ ಮನೆಗೇ."

ಎಲ್ಲರೂ ಉಬ್ಬೊ ಕಡೆ ನೋಡಿದೆವು. ಔಷಧಿ ವ್ಯಾನಿನಲ್ಲಿ ಬೇರೆಯವರನ್ನು ಕೂರಿಸಬಾರದು. ನಿಯಮ ಬರೆದು ಗೋಡೆಗೆ ಅಂಟಿಸಿದ್ದೂ ಉಬ್ಬೊನೇ.

"ನೀನು ಹೋಗೋದು ಹನ್ನೊಂದಕ್ಕೆ," ಅಂದರು.

"ಉಲ್ಟಾ ಹೋದ್ರೆ ಮೂರಕ್ಕೆ ಸೇರ್ತೀನಿ."

"ಉಲ್ಟಾ ಹೋದ್ರೆ ಆಂಡೊರ್ಪ್ ಹಳ್ಳಿ ಜನಕ್ಕೆ ಮಾತ್ರೆ ಸಂಜೆ ಸಿಗುತ್ತೆ. ಬೈತಾರೆ."

"ಬೈಯ್ಲಿ. ಈಗೇನು ಹೊಗಳ್ತಾರಾ?"

ಉಬ್ಬೊ ಕಪ್ಪು ತೊಳೆಯಲು ಎದ್ದರು. ನಲ್ಲಿಯ ಕಡೆ ಮುಖ ಮಾಡಿ, "ವ್ಯಾನಲ್ಲಿ ಯಾರಿದ್ರು ಅಂತ ನಾನ್ ನೋಡಲ್ಲ," ಅಂದರು.

ನವೆಂಬರ್ 19, ಸೋಮವಾರ

ಆಂಡೊರ್ಪ್‌ನಿಂದ ಬೆಳಿಗ್ಗೆಯಿಂದಲೇ ಫೋನ್. ಬೈಗುಳ. ಹಿಲ್ಕೆ ಎಲ್ಲರಿಗೂ "ರಸ್ತೆ ಕೆಲ್ಸ ನಡೀತಿದೆ" ಎನ್ನುತ್ತಿದ್ದಾಳೆ. ಯಾವ ರಸ್ತೆ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಯಾವಾಗಲೂ ಒಂದಲ್ಲ ಒಂದು ರಸ್ತೆ ಅಗೆದೇ ಇರುತ್ತದೆ.

ಡೈಕೆಮಾ ಅಜ್ಜ ವ್ಯಾನಿನಲ್ಲಿ ಹಿಂಡರ್ಕ್‌ನ ಗೇರು ಬದಲಿಸುವ ರೀತಿಯನ್ನು ದಾರಿಯುದ್ದಕ್ಕೂ ಟೀಕಿಸುತ್ತಾರಂತೆ. ನನ್ನ ಹೆಸರು ಎತ್ತಿದರೆ ಕಿಟಕಿ ನೋಡುತ್ತಾರಂತೆ.

ಡಿಸೆಂಬರ್ 5, ಬುಧವಾರ

ಸಿಂಟರ್‌ಕ್ಲಾಸ್ ಹಬ್ಬ. ಅಂಗಡಿ ಬೇಗ ಮುಚ್ಚಿ ಉಡುಗೊರೆ ಹಂಚಿಕೊಂಡೆವು. ಪ್ರತಿ ಉಡುಗೊರೆಗೂ ಒಂದು ಹಂಗಿಸುವ ಪದ್ಯ, ಯಾರು ಬರೆದದ್ದೆಂದು ಹೇಳುವಂತಿಲ್ಲ. ನನಗೆ ಬಂದದ್ದು ಚಾಕೊಲೇಟಿನಲ್ಲಿ ಮಾಡಿದ ನನ್ನ ಹೆಸರಿನ ಮೊದಲಕ್ಷರ. ಜೊತೆಗೆ:

"ಹಳ್ಳಿ ಮನೆಗ್ ಹೋದ್ಲು ರೀಮ್ಕೆ ಅಜ್ಜನ್ ಕಷ್ಟ ಕೇಳೋಕೆ,
ಭೂಮಿತಾಯೇ ನಡುಗ್ಬೇಕಾಯ್ತು ಇವಳ್ ಬಾಯಿ ಮುಚ್ಸೋಕೆ!"

ಎಲ್ಲರೂ ಮೇಜು ಬಡಿದು ನಕ್ಕರು. ಬರೆದದ್ದು ಉಬ್ಬೊ. ಅಷ್ಟು ಕೆಟ್ಟ ಅಕ್ಷರ ಇನ್ಯಾರದ್ದೂ ಇಲ್ಲ. ನಾನೂ ನಕ್ಕೆ. ಚಾಕೊಲೇಟು ಪೂರಾ ಒಬ್ಬಳೇ ತಿಂದೆ.

ಡಿಸೆಂಬರ್ 27, ಗುರುವಾರ

ಅಜ್ಜನ ಮನೆ. ಬಾಗಿಲು ತೆರೆದರು, ಅಷ್ಟೇ. ಕಾಫಿ ಬಂತು. ಗಿಲಿಗಿಲಿ ಹಾಗೇ ಇದೆ. ತಲೆಸುತ್ತು ಹೆಚ್ಚಾಗಿದೆ, ಗೋಡೆ ಹಿಡಿದು ನಡೆಯುತ್ತಾರೆ. ತಲೆಸುತ್ತಿಗೆ ಡಾಕ್ಟರು ಕತ್ತಿನ ವ್ಯಾಯಾಮ ಹೇಳಿಕೊಟ್ಟಿದ್ದಾರೆ, ದಿನಾ ಮಾಡುತ್ತಾರೆ.

"ಮಾತ್ರೆ ಬಿಟ್ಟೆ. ಕಾರು ಬಿಟ್ಟೆ. ನಡುಕ ನನ್ನ ಬಿಟ್ಟಿಲ್ಲ. ನೆಲ ಹಂಗೇ ತೂಗ್ತಿದೆ. ಏನ್ ಬಂತು ಇದ್ರಿಂದ?"

"ಇನ್ನೂ ಸಮಯ ಬೇಕು."

"ಎಷ್ಟು?"

"ಗೊತ್ತಿಲ್ಲ."

ಗೊತ್ತಿಲ್ಲ ಎಂದು ರೋಗಿಯೊಬ್ಬರ ಮುಖಕ್ಕೆ ಹೇಳಿದ್ದು ಇದೇ ಮೊದಲು. ಆರು ವರ್ಷದ ಓದಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಬಿಸ್ಕತ್ತು ಕೊಡಲಿಲ್ಲ. ಡಬ್ಬಿಯೊಳಗೆ ಕೀ ಇದೆಯಲ್ಲ.

ಜನವರಿ 3, ಗುರುವಾರ

ಹಿಂಡರ್ಕ್ ಬಂದು ಕಿವಿಯಲ್ಲಿ ಹೇಳಿದ: ನಿನ್ನೆ ವಾಪಸ್ ಬರುವಾಗ ಅಜ್ಜ ಸೋಪಿನಂಗಡಿ ಮುಂದೆ ವ್ಯಾನು ನಿಲ್ಲಿಸಲು ಹೇಳಿದರು, ಪುಟ್ಟ ಪೊಟ್ಟಣ ಹಿಡಿದು ಬಂದರು.

ಊಟ ಬಿಟ್ಟು ಓಡಿದೆ. ಸೈಕಲ್ ಮೇಲೆ, ಎದುರು ಗಾಳಿಯಲ್ಲಿ. ದಾರಿಯಲ್ಲಿ ಬೈಯಲು ಒಳ್ಳೊಳ್ಳೆ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದವರು ಏನೂ ಹೇಳದೆ ಒಳಗೆ ಕರೆದು ಮೇಜು ತೋರಿಸಿದರು. ಎರಡು ಪೆಟ್ಟಿಗೆ. ಎರಡೂ ಒಡೆದಿಲ್ಲ.

"ರಾತ್ರಿ ಇವೆರಡನ್ನೂ ಮುಂದಿಟ್ಕೊಂಡು ಕೂತಿದ್ದೆ," ಅಂದರು. "ಮೂರು ಗಂಟೆಗೆ ಫ್ರೌಕೆ ಹತ್ರ ನಾನೇ ಗಾಡಿ ಓಡಿಸ್ಕೊಂಡು ಹೋಗ್ಬೇಕು ಅಂತ ಅನ್ನಿಸ್ತು. ಅದಕ್ಕೇ ಒಡೀಲಿಲ್ಲ. ತಗೊಂಡ್ ಹೋಗು."

"ಎರಡು ಯಾಕೆ ತಂದ್ರಿ?"

"ಒಂದಕ್ಕೊಂದು ಫ್ರೀ ಇತ್ತು. ಬಿಡೋಕಾಗುತ್ತಾ?"

ಜೋಡಿಸಿಕೊಂಡ ಬೈಗುಳವೆಲ್ಲ ವ್ಯರ್ಥ. ಅವರ ಮೇಲೆ ತುಂಬಾ ಪ್ರೀತಿ ಬಂತು. ಅದನ್ನು ಹೇಳದೆ ಎರಡೂ ಪೆಟ್ಟಿಗೆ ಕೋಟಿನ ಜೇಬಿಗೆ ಹಾಕಿಕೊಂಡು ಬಂದೆ.

ಜನವರಿ 30, ಬುಧವಾರ

ಹಿಂಡರ್ಕ್ ಹೇಳುತ್ತಾನೆ: ವ್ಯಾನಿಗೆ ಹತ್ತುವಾಗ ಈಗ ಕೈ ಕೊಡಬೇಕಿಲ್ಲ. ನಂಬಿಕೆ ಇಲ್ಲ. ಹಿಂಡರ್ಕ್ ಒಳ್ಳೆಯ ಸುದ್ದಿಯನ್ನು ಸ್ವಲ್ಪ ಉಬ್ಬಿಸುವವನು.

ಫೆಬ್ರುವರಿ 12, ಮಂಗಳವಾರ

ಸುಳ್ಳಲ್ಲ!

ಅಡುಗೆಮನೆಯಿಂದ ಕಾಫಿ ತಂದರು. ಸದ್ದೇ ಇಲ್ಲ. ಕಪ್ಪು ನನ್ನ ಮುಂದೆ ಬಂದು ಕೂತಾಗಲೇ ಬಂದದ್ದು ಗೊತ್ತಾಯಿತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು.

"ಪಕ್ಕದ ಮನೆಯವಳು ಹೇಳ್ತಿದ್ಲು, ಈಚೆಗೆ ಭೂಕಂಪ ಕಮ್ಮಿಯಾಗಿದೆ ಅಂತ," ಅಂದರು. ನಗು ಸರಿಯಾದ ಹೊತ್ತಿಗೆ ಬಂತು, ಕಣ್ಣಿನ ತನಕ.

ಹೋದ ವಾರ ನರರೋಗ ತಜ್ಞರು ನೋಡಿದ್ದಾರೆ. ಆ ಮಾತ್ರೆಯಿಂದಲೇ ಆದದ್ದು ಅನ್ನಿಸುತ್ತದೆ, ಈಗ ಪಾರ್ಕಿನ್ಸನ್ ಅನ್ನುವಂಥದ್ದೇನೂ ಕಾಣುತ್ತಿಲ್ಲ, ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದಿದ್ದಾರೆ. ಲೈಸೆನ್ಸಿನ ಡಾಕ್ಟರ ಬಳಿ ಧೈರ್ಯವಾಗಿ ಹೋಗಬಹುದು.

ಬಿಸ್ಕತ್ತು ಕೊಟ್ಟರು. ಎರಡು! ನಮ್ಮ ಸೀಮೆಯಲ್ಲಿ ಎರಡನೇ ಬಿಸ್ಕತ್ತಿಗೆ ಡಬ್ಬಿ ತೆರೆಯುವುದು ಮದುವೆ ಮನೆಯಲ್ಲೂ ಕಷ್ಟ.

ಉಬ್ಬೊ ಸುದ್ದಿ ಕೇಳಿ "ಹಂ" ಅಂದರು. ಆಮೇಲೆ ಎರಡು ಸಲ ಕಾರಣವಿಲ್ಲದೆ ನನ್ನ ಮೇಜಿನ ಹತ್ತಿರ ಬಂದು ಹೋದರು.

ಫೆಬ್ರುವರಿ 19, ಮಂಗಳವಾರ

ಉಟ್ರೆಖ್ಟ್. ಈ ಸಲ ನನ್ನ ಕಥೆ ಹೇಳಿದೆ. ಚೀಲ ತುಂಬ ಮಾತ್ರೆಯ ಹೀರೋ ಎದ್ದು ನಿಂತು ಚಪ್ಪಾಳೆ ತಟ್ಟಿದ. ವಾಪಸ್ ರೈಲಿನಲ್ಲಿ ಕಿಟಕಿಯಲ್ಲಿ ನನ್ನ ಮುಖ ನೋಡಿಕೊಂಡೆ. ಹೆಮ್ಮೆ. ಇರಲಿ, ಒಂದು ದಿನ.

ಫೆಬ್ರುವರಿ 28, ಗುರುವಾರ

ಹಿಂಡರ್ಕ್: "ಅಜ್ಜ ಮೊದಲಿನ ಥರ ಇಲ್ಲ ಕಣೇ. ವಾಪಸ್ ಬರುವಾಗ ಮಾತೇ ಇಲ್ಲ. ನನ್ನ ಗೇರೂ ಬೈಯಲ್ಲ."

ಮತ್ತೆ ಮಾತ್ರೆಯೇನೋ ಎಂದು ಹೆದರಿ ಸಂಜೆ 5ಕ್ಕೆ ಹೋದೆ. ಮಾತ್ರೆ ಇಲ್ಲ. ಕೈ ಕಲ್ಲಿನಂತೆ ನಿಂತಿದೆ. ಆ ಕೈಯನ್ನೇ ನೋಡುತ್ತಾ ಹೇಳಿದರು:

"ಅವಳು ಈಗ ಹಿಡ್ಕೊಳಲ್ಲ."

ಮೊದಲು ಹೊಳೆಯಲಿಲ್ಲ.

"ಚಮಚ ನೆಟ್ಟಗೆ ಹೋಗುತ್ತೆ, ಬಾಯಿ ತೆರೀತಾಳೆ, ನುಂಗ್ತಾಳೆ. ಕಿಟಕಿ ನೋಡ್ತಾಳೆ. ಕೈ ಮಡಿಲಲ್ಲೇ ಇರುತ್ತೆ. ನರ್ಸು ತಿನ್ಸಿದಂಗೇ ನಾನೂ ಈಗ." ಕೈಯನ್ನು ಜೇಬಿಗಿಳಿಸಿ, "ನಿನ್ನ ತಪ್ಪಲ್ಲ ತಾಯಿ. ಕೈ ಚೆನ್ನಾಗಾಯ್ತು. ಅದಕ್ಕೆ ನಾನು ಋಣಿ."

ಅಕ್ಟೋಬರಿನಲ್ಲಿ ಇದನ್ನೇ ಹೇಳಿದ್ದರು. ನಾನು "ಹಾಂ" ಅಂದು ಮುಂದಿನ ಪ್ರಶ್ನೆಗೆ ಹೋಗಿದ್ದೆ.

ಕೇಳಿಸಿಕೊಂಡಿದ್ದರೂ ಮಾತ್ರೆ ನಿಲ್ಲಿಸಲೇಬೇಕಿತ್ತು. ಅದು ಸರಿ. ಅದು ಸರಿ ಎಂದು ಗೊತ್ತಿದ್ದೂ ಎದ್ದು ಹೋಗಲಾಗಲಿಲ್ಲ. ಅವರ ಪಕ್ಕದಲ್ಲಿ ಕೂತೆ.  ದೀಪ ಹಚ್ಚುವ ಹೊತ್ತಾದ ಮೇಲೆ ಎದ್ದೆ.

ಮಾರ್ಚ್ 1, ಶುಕ್ರವಾರ

ಉಬ್ಬೊಗೆ ಹೇಳಿದೆ. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಇದಕ್ಕೇನ್ ಮಾಡ್ಲಿ?" ಅಂದೆ.

"ಗೊತ್ತಿಲ್ಲ ಕಣಮ್ಮ."

ಗುರುಗಳ ಬಾಯಲ್ಲೂ ಅದೇ ಮಾತು.

ಮಾರ್ಚ್ 12, ಮಂಗಳವಾರ

ಲೈಸೆನ್ಸ್ ಸಿಕ್ಕಿತು! ಡಾಕ್ಟರು ನೋಡಿ ಬರೆದುಕೊಟ್ಟದ್ದು ಒಪ್ಪಿಗೆಯಾಗಿ ಬಂದಿದೆ, ಇನ್ನೈದು ವರ್ಷಕ್ಕೆ. ಅಜ್ಜ ತಾವೇ ಕಾರು ಓಡಿಸಿಕೊಂಡು ಅಂಗಡಿ ಮುಂದೆ ಬಂದು ಹಾರ್ನ್ ಹೊಡೆದರು. ಎರಡು ಸೈಕಲ್ ನಡುವೆ ಒಂದೇ ಏಟಿಗೆ ಕಾರು ನಿಲ್ಲಿಸಿದರು. ಹಿಂಡರ್ಕ್ ಬಾಗಿಲಲ್ಲಿ ನಿಂತು ಗೇರು ಬದಲಿಸುವುದನ್ನು ಟೀಕಿಸಿದ. ಇಷ್ಟು ದಿನದ ಸೇಡು. ನಾಳೆಯಿಂದ ವ್ಯಾನು ಮತ್ತೆ ನೆಟ್ಟಗೆ, ಆಂಡೊರ್ಪ್ ಮೊದಲು.

ಹಿಲ್ಕೆ ಫೋನಿನಲ್ಲಿ ಯಾರಿಗೋ: "ರಸ್ತೆ ಕೆಲ್ಸ ಮುಗೀತು ನೋಡಿ."

ಉಬ್ಬೊ ನನ್ನ ಮನೆಭೇಟಿಯ ಮೌಲ್ಯಮಾಪನ ಶನಿವಾರ ಮುಗಿಸುತ್ತಾರಂತೆ. ಅದಕ್ಕೆ ಮುಂಚೆ ನಾನು ಅಜ್ಜನನ್ನು ಕೊನೆಯ ಸಲ ಕಣ್ಣಾರೆ ನೋಡಿ ವರದಿ ತುಂಬಬೇಕು. ನಡಿಗೆ, ತಲೆಸುತ್ತು, ಕೈ ನಡುಕ, ಇದೆಯೋ ಇಲ್ಲವೋ. ಅಜ್ಜನಿಗೆ ಹೇಳಿದೆ. "ಶುಕ್ರವಾರ ನನ್ನ ಜೊತೆ ವಿನ್ಸಮ್‌ಗೆ ಬಾ. ದಾರಿಯಲ್ಲಿ ಎಲ್ಲಾ ನೋಡ್ಕೋ," ಅಂದರು.

ಮಾರ್ಚ್ 15, ಶುಕ್ರವಾರ, ಸಂಜೆ 6

ಹೋಗಿ ಬಂದೆ. ವರದಿ ಮುಂದಿದೆ.

ಕಾರು ಚೆನ್ನಾಗಿ ಓಡಿಸುತ್ತಾರೆ. ನನಗಿಂತ ಚೆನ್ನಾಗಿ. ಬ್ರೇಕು ಸರಿಯಾದ ಹೊತ್ತಿಗೆ. ಆರೈಕೆ ಮನೆಯ ಮೆಟ್ಟಿಲು ಕಂಬಿ ಹಿಡಿಯದೆ ಹತ್ತಿದರು. ನಡಿಗೆ: ಸರಿ. ತಲೆಸುತ್ತು: ಆಗೊಮ್ಮೆ ಈಗೊಮ್ಮೆ. ಇಷ್ಟು ಬರೆದಿದ್ದೇನೆ.

ಮೂರು ಗಂಟೆ. ಫ್ರೌಕೆಯಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಬೆಳ್ಳಿ ಕೂದಲು, ನೀಲಿ ಸ್ವೆಟರ್. ನನ್ನ ಮೇಲೆ ಕಣ್ಣು ಹಾಯಿಸಿದರು, ಅಜ್ಜನ ಮೇಲೂ, ಇಬ್ಬರೂ ಒಂದೇ ಎಂಬ ಹಾಗೆ. ನಾನು ಬಾಗಿಲ ಹತ್ತಿರ ಕೂತೆ. ಅಜ್ಜ ಕುರ್ಚಿ ಎಳೆದುಕೊಂಡು, ಕಸ್ಟರ್ಡ್ ಬಟ್ಟಲು ಬಿಚ್ಚಿ, ಚಮಚದಲ್ಲಿ ತೆಗೆದುಕೊಂಡರು.

ಚಮಚ ಮೇಲೆ ಹೋಗುತ್ತಿದ್ದಂತೆ ಕೈ ನಡುಗತೊಡಗಿತು.

 ಮತ್ತೆ ಬಂತಲ್ಲ ಎಂದುಕೊಂಡೆ. ಮಾತ್ರೆ ನುಂಗಿದ್ದಾರೆ, ಅಥವಾ ನಿಜವಾದ ಪಾರ್ಕಿನ್ಸನ್ನೇ ಇತ್ತು, ಡಾಕ್ಟರ್ ನೋರ್ಡ್‌ಹಾಫ್ ಹೇಳಿದ್ದೇ ಸರಿ. ಲೈಸೆನ್ಸು, ವರದಿ, ಚಪ್ಪಾಳೆ, ಎಲ್ಲ ನೀರಿನಲ್ಲಿ. ಎದ್ದೇಬಿಟ್ಟಿದ್ದೆ.

ಆಗ ಫ್ರೌಕೆಯಮ್ಮನ ಬಲಗೈ ಮಡಿಲಿನಿಂದ ಮೇಲೆದ್ದಿತು. ನಿಧಾನವಾಗಿ ಬಂದು ಅಜ್ಜನ ಮಣಿಕಟ್ಟು ಹಿಡಿಯಿತು. ಗಟ್ಟಿಯಾಗಿ. ಚಮಚವನ್ನು ತಮ್ಮ ಬಾಯಿಗೆ ತಾವೇ ತಂದುಕೊಂಡರು. ನುಂಗಿ, ಬಿಡದೆ ಹಿಡಿದುಕೊಂಡೇ ಅಜ್ಜನ ಮುಖ ನೋಡಿದರು. ಕಿಟಕಿ ನೋಡಲಿಲ್ಲ.

ಅಜ್ಜ ಭುಜದ ಮೇಲಿಂದ ತಿರುಗಿ ನನ್ನನ್ನು ನೋಡಿದರು. ಎಡಗೈಯಲ್ಲಿ ತುಂಬಿದ ಬಟ್ಟಲು, ಒಂದಿಷ್ಟೂ ಅಲ್ಲಾಡದೆ ನಿಂತಿತ್ತು. ಒಂದು ಕಣ್ಣು ಮಿಟುಕಿಸಿ, ಮತ್ತೆ ಚಮಚ ತುಂಬಿಕೊಂಡು, ಮತ್ತೆ ಕೈ ನಡುಗಿಸಿದರು.

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅತ್ತೆ. ನಗುತ್ತಲೂ ಇದ್ದೆ. ಪಕ್ಕದಲ್ಲಿ ಹೋದ ನರ್ಸ್ ನೀರು ಬೇಕೇ ಎಂದು ಕೇಳಿದಳು.

ಈಗ ಇದೊಂದು ಸಾಲು ಉಳಿದಿದೆ. ಕೈ ನಡುಕ. "ಇಲ್ಲ" ಎಂದು ಬರೆದೆ. ಕಣ್ಣಾರೆ ನೋಡಿ ಬರೆಯಬೇಕು ಎಂದಿದೆಯಲ್ಲ, ಹೊಡೆದುಹಾಕಿದೆ. "ಇದೆ" ಎಂದರೆ ಸುಳ್ಳು. ನಾಳೆ ಉಬ್ಬೊ ಕೇಳುತ್ತಾರೆ. ಹೀಗೆ ಬರೆಯುತ್ತೇನೆ:

ಕೈ ನಡುಕ — ಮಧ್ಯಾಹ್ನ ಮೂರು ಗಂಟೆಗೆ ಮಾತ್ರ, ಬಲಗೈ ಮಾತ್ರ, ಅದೂ ಚಮಚ ಹಿಡಿದಾಗ ಮಾತ್ರ, ಚಿಕಿತ್ಸೆ ಬೇಕಿಲ್ಲ.